ಹೊಲಿಗೆ ಟೀಚರ್ ಮತ್ತು ಅವರ ಚುವಾಶರು

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವ ಪದಾರ್ಥವಲ್ಲ. ಮೂಡಿಗೆರೆಯ ನನ್ನ ಪ್ರೆಸ್ಸಿನಲ್ಲಿ ಮೆಷಿನ್ನಿನ ರೋಲರ್ ಒರೆಸಲು ಬೇರೆ ಏನೋ ದ್ರವ ಬರುತ್ತದೆ; ಕ್ಯಾನಿನ ಮೇಲೆ ಕಿತ್ತಳೆ ಹಣ್ಣಿನ ಚಿತ್ರ ಇರುತ್ತದೆ. ಹೋದ ವರ್ಷ ದೀಪಾವಳಿ ಕಳೆದ ವಾರ ಅದು ಮುಗಿದುಹೋಗಿ, ಅಟ್ಟದ ಮೂಲೆಯ ಹಳೇ ಡಬ್ಬದಲ್ಲಿ ಉಳಿದಿದ್ದ ಸೀಮೆಎಣ್ಣೆಯನ್ನು ಬಟ್ಟೆಗೆ ಸುರಿದುಕೊಂಡೆ. ಮೊದಲು ಬಂದದ್ದು ಭಯ. ಬೆಂಕಿ ಹತ್ತಿಕೊಂಡರೆ ಮುಂದಿನ ಬಾಗಿಲಿಂದ ಓಡುವುದೋ ಹಿಂದಿನದರಿಂದಲೋ? ಹಿಂದಿನ ಬಾಗಿಲಿಗೆ ಪೇಪರ್ ರೀಮು ಅಡ್ಡ ಇಟ್ಟಿದ್ದೇನಲ್ಲ? ನನಗೆ ಯಾವಾಗಲೂ ಮೊದಲು ಬರುವುದು ಭಯವೇ. ಅದು ಬಂದು ಕೂತು ಸುಧಾರಿಸಿಕೊಂಡ ಮೇಲೆ, ಆ ವಾಸನೆಯ ಹಿಂದಿನಿಂದ ಹೊಲಿಗೆ ಟೀಚರ್ ಬಂದರು.

ಆಲ್ದೂರಿನಲ್ಲಿ ನಮ್ಮ ಮನೆಯ ಎದುರು ಮನೆ ಅವರದು. ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು. ಕಸೂತಿಯ ಚಿತ್ರವನ್ನು ಬೆಣ್ಣೆ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಮೇಲಿಂದ ಉಜ್ಜುತ್ತಿದ್ದರು. ಕಾಗದ ಎತ್ತಿದರೆ ಬಟ್ಟೆಯ ಮೇಲೆ ನೀಲಿ ಚುಕ್ಕಿಗಳಲ್ಲಿ ನವಿಲು. ಅವರ ಬೆರಳ ತುದಿ ಸದಾ ನೀಲಿ. ಮನೆಯೆಲ್ಲ ಅದೇ ವಾಸನೆ... ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿ ಇರಬೇಕಿತ್ತೋ ಅಲ್ಲಿ ಈಗ ದಪ್ಪ ಅಕ್ಷರದಲ್ಲಿ ಇದೆ. ನಾನಂತೂ ಅವರನ್ನು ಒಮ್ಮೆಯೂ ಹೆಸರಿಟ್ಟು ಕರೆದವನಲ್ಲ.

ಅವರ ಅಪ್ಪ ಅಮ್ಮ ಘಟ್ಟದ ಕೆಳಗಿನಿಂದ ಬಂದು ಕಳಸದ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಕುಯ್ದವರು. ಟೀಚರ್ ಬೆಳೆದದ್ದು ಕೂಲಿ ಲೈನಿನ ಮನೆಯಲ್ಲಿ. ಮನೆಮಾತು ತುಳು. ಆಲ್ದೂರಿಗೆ ಬಂದ ಮೇಲೆ ಆ ಮಾತಾಡಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಹೊಲಿಗೆ ಎಣಿಸುವಾಗ ಮಾತ್ರ ತುಟಿಯೊಳಗೆ, "ಒಂಜಿ, ರಡ್ಡ್, ಮೂಜಿ, ನಾಲ್..." ಎನ್ನುತ್ತಿದ್ದರು. ಹುಡುಗಿಯರು ಕಿಸಿಕಿಸಿ ನಗುವುದು.

"ಕನ್ನಡದಲ್ಲಿ ಎಣಿಸಿದ್ರೆ ದಾರ ಕಡಿದು ಹೋಗ್ತದಾ ಟೀಚರ್?"

"ಮಾತಾಡ್ಲಿಕ್ಕೆ ನಿಮ್ದು ಸಾಕು. ಲೆಕ್ಕ ತಪ್ಪಬಾರದಲ್ಲ, ಅದಕ್ಕೆ ನಂದು," ಅನ್ನುತ್ತಿದ್ದರು ತಲೆಯೆತ್ತದೆ.

ಚುವಾಶರು ಅವರಿಗೆ ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ. ಯಾವುದೋ ಎಸ್ಟೇಟಿನ ಡಾಕ್ಟರು ಊರು ಬಿಡುವಾಗ ಪುಸ್ತಕಗಳನ್ನೆಲ್ಲ ಮೂಟೆ ಕಟ್ಟಿ ತೂಕಕ್ಕೆ ಹಾಕಿ ಹೋಗಿದ್ದರಂತೆ. ಅದರಲ್ಲೊಂದು ದಪ್ಪ ಇಂಗ್ಲಿಷ್ ಪುಸ್ತಕದ ಒಳರಟ್ಟಿನ ಮೇಲೆ ಕೆಂಪು ಕಸೂತಿಯ ಚಿತ್ರಗಳಿದ್ದವು. ಟೀಚರ್ ಕಸೂತಿಗೆಂದು ತಂದು, ಆಮೇಲೆ ಒಳಗೆ ಏನಿದೆ ಎಂದು ನೋಡಿದರು. ಕವಿತೆಗಳು. ರಷ್ಯದ ವೋಲ್ಗಾ ನದಿಯ ಬಗಲಲ್ಲಿರುವ ಚುವಾಶರೆಂಬ ಒಂದು ಸಣ್ಣ ಜನಾಂಗದ ಕವಿತೆಗಳು. ಎಸ್ಸೆಸ್ಸೆಲ್ಸಿಯ ಇಂಗ್ಲಿಷು, ಒಂದು ನಿಘಂಟು, ಸಾಯಂಕಾಲದ ಹೊತ್ತು. ಮೂರು ವರ್ಷದ ಮೇಲೆ ಅಷ್ಟೂ ಕನ್ನಡಕ್ಕೆ ಬಂದವು. ಬರೆದದ್ದು ಹೊಲಿಗೆಯ ರೆಕಾರ್ಡ್ ಪುಸ್ತಕಗಳಲ್ಲಿ. ಗೆರೆಯ ಪುಟದಲ್ಲಿ ಕವಿತೆ, ಎದುರಿನ ಚೌಕುಳಿ ಪುಟದಲ್ಲಿ ಆ ಕವಿತೆಗೆ ಅವರೇ ಕಲ್ಪಿಸಿ ಬರೆದ ಒಂದು ಕಸೂತಿ.

ನಾನಾಗ ಚಿಕ್ಕಮಗಳೂರಿನ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವ ಕೆಲಸಕ್ಕಿದ್ದೆ. ಸಂಜೆ ಬಸ್ಸಿಳಿದು ಬಂದರೆ ಟೀಚರ್ ಜಗಲಿಗೆ ಕರೆದು ಒಂದೊಂದು ಓದಿ ಹೇಳುವರು. ಚುವಾಶರಿಗೆ ಹಿಂದೊಮ್ಮೆ ತಮ್ಮದೇ ಪುಸ್ತಕ ಇತ್ತಂತೆ; ಅದನ್ನು ಒಂದು ಹಸು ತಿಂದುಬಿಟ್ಟಿತಂತೆ. ಉಳಿದದ್ದನ್ನು ಹೆಂಗಸರು ತಲೆವಸ್ತ್ರದ ಕಸೂತಿಯಲ್ಲಿ ಹೊಲಿದು ಕಾಪಾಡಿದರಂತೆ. ಈ ಕಥೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಹಸುವನ್ನು ಅವರೇ ಖುದ್ದಾಗಿ ಅಟ್ಟಿಸಿಕೊಂಡು ಹೋಗಿ ಬಂದ ಹಾಗೆ. ಆ ಕವಿಗಳು ಬರ್ಚ್ ಮರದ ಬಗ್ಗೆ ಬರೆಯಲಿ, ಹೊಲದ ಬದುವಿನ ಬಗ್ಗೆ ಬರೆಯಲಿ, ಅಜ್ಜಿಯ ಬಗ್ಗೆ ಬರೆಯಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ನಾವು ಯಾರು? ನಮ್ಮ ಮಾತು ಮನೆಯ ಹೊಸ್ತಿಲು ದಾಟುವುದು ಯಾವಾಗ? ರಷ್ಯದೊಳಗೇ ಇದ್ದು, ರಷ್ಯನ್ನರ ದೇವರಿಗೇ ಕೈಮುಗಿದು, ಅವರ ಶಾಲೆಯಲ್ಲೇ ಓದಿ, ಆದರೂ ನಾವು ಅವರಲ್ಲ ಎಂದು ಮೆತ್ತಗೆ ಹೇಳುವ ಕವಿತೆಗಳು.

"ಎಲ್ಲ ರಷ್ಯದೋರೇ ಅಲ್ವ ಟೀಚರ್? ನಮಗೆ ಏನು ಗೊತ್ತಾಗತ್ತೆ ವ್ಯತ್ಯಾಸ?" ಎಂದು ನಾನು ಒಮ್ಮೆ ಕೇಳಿದ್ದೆ.

"ನಮ್ಮಪ್ಪ ಅಮ್ಮ ಕುಯ್ದ ಕಾಫಿ ಇತ್ತಲ್ಲ ಮಾರಾಯ, ಅದು ಆಗಿನ ಕಾಲದಲ್ಲಿ ಕಾಫಿ ಬೋರ್ಡಿನ ಪೂಲಿಗೆ ಹೋಗ್ತಿತ್ತು. ಎಲ್ಲ ತೋಟದ್ದೂ ಒಟ್ಟಿಗೆ ಸುರಿಯೂದು. ಆಮೇಲೆ ಯಾವ ಗುಡ್ಡದ್ದು ಅಂತ ಬ್ರಹ್ಮ ಬಂದ್ರೂ ಹೇಳ್ಲಿಕ್ಕಾಗೂದಿಲ್ಲ. ಮನುಷ್ಯರನ್ನ ಹಾಗೆ ಸುರೀಬಾರ್ದು."

ಇಷ್ಟು ಗೊತ್ತಿದ್ದೂ ಮುಂದಿನದನ್ನು ಮಾಡಿದವನು ನಾನು.

ನಮ್ಮ ಪ್ರೆಸ್ಸಿಗೆ ಒಬ್ಬರು ಪ್ರೊಫೆಸರು ಬರುತ್ತಿದ್ದರು. ಕಾಲೇಜಿನಲ್ಲಿ ಪಾಠ, ದೇವರಮನೆ ರಸ್ತೆಯಲ್ಲಿ ತೋಟ, ಜೊತೆಗೆ ಸ್ವಂತದ್ದೊಂದು ಪ್ರಕಾಶನ. ಟೀಚರ ರೆಕಾರ್ಡ್ ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಪ್ರೊಫೆಸರ ಮನೆಗೆ ಹೋದದ್ದು ನಾನೇ. ದೊಡ್ಡವರು ನೋಡಿದರೆ ಒಳ್ಳೆಯದಾಗುತ್ತದೆ ಎಂಬ ಸದುದ್ದೇಶ. ನನ್ನ ಜೀವನದ ದೊಡ್ಡ ಅನಾಹುತಗಳೆಲ್ಲ ಸದುದ್ದೇಶದಿಂದಲೇ ಆಗಿವೆ. ಅವರು ಓದಿದರು. ಚೆನ್ನಾಗಿದೆ ಎಂದರು. ತಾವೇ ಪ್ರಕಟಿಸುವುದಾಗಿ ಹೇಳಿದರು. ಟೀಚರಿಗೆ ಹೇಳಿದಾಗ ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ, ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡರು... ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಷ್ಟೂ ಅಕ್ಷರ ಕೂರಿಸಿ ಮುಗಿಸಿದ ದಿನ ಪ್ರೊಫೆಸರು ಪ್ರೆಸ್ಸಿಗೆ ಬಂದು ನನ್ನ ಹಿಂದೆ ನಿಂತರು.

"ಏನಯ್ಯ ಇದು, ಚುವಾಶ್? ಬೂಟ್ ಪಾಲಿಶ್ ಹೆಸರಿದ್ದಂಗಿದೆ."

"ಅದೊಂದು ಜನಾಂಗ ಸಾರ್. ರಷ್ಯದಲ್ಲಿ..."

"ಹಂಗಾದ್ರೆ ರಷ್ಯನ್ ಅಂತಲೇ ಹಾಕು. ಇರೋ ನಾಲ್ಕು ಓದುಗರನ್ನ ಯಾಕೆ ಹೆದರಿಸ್ತೀಯ?"

"ಟೀಚರ್ ಹೆಸರು ಸಾರ್?"

"ಹೊಲಿಗೆ ಟೀಚರ್ ರಷ್ಯನ್ ಕವಿತೆ ಅನುವಾದ ಮಾಡಿದ್ಲು ಅಂದ್ರೆ ಯಾರಯ್ಯ ನಂಬ್ತಾರೆ? ನನ್ನ ಹೆಸರಿರಲಿ. ಮುನ್ನುಡೀಲಿ ಅವಳನ್ನ ನೆನೀತೀನಿ ಬಿಡು."

ಯಜಮಾನರು ಗಾಜಿನ ಆಚೆಯಿಂದ ನೋಡುತ್ತಿದ್ದರು. ಪ್ರೊಫೆಸರು ಪ್ರೆಸ್ಸಿನ ದೊಡ್ಡ ಗಿರಾಕಿ. ನನಗೆ ಕೆಲಸ ಹೋಗುವ ಭಯ. ಆ ಭಯ ಕೆಲಸಕ್ಕೆ ಸೇರುವ ಮೊದಲೇ ಇತ್ತು. ಕಂಪ್ಯೂಟರಿನಲ್ಲಿ ಒಂದು ಪದವನ್ನು ಹುಡುಕಿ ಅದು ಇರುವಲ್ಲೆಲ್ಲ ಇನ್ನೊಂದನ್ನು ಒಂದೇ ಏಟಿಗೆ ಕೂರಿಸುವ ಸೌಲಭ್ಯವಿದೆ. ಮೇಲಿನ ಡಬ್ಬಿಯಲ್ಲಿ ಚುವಾಶ್, ಕೆಳಗಿನ ಡಬ್ಬಿಯಲ್ಲಿ ರಷ್ಯನ್. ಒಂದು ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಜನಾಂಗ ಮುಗಿಯಿತು. ಹಸುವಿಗಾದರೂ ಜಗಿಯಲು ಸ್ವಲ್ಪ ಹೊತ್ತು ಹಿಡಿದಿರಬೇಕು.

ಪುಸ್ತಕ ಬಂತು. ಮುಖಪುಟದಲ್ಲಿ ರಷ್ಯನ್ ಕವಿತೆಗಳು, ಕೆಳಗೆ ಪ್ರೊಫೆಸರ ಹೆಸರು. ಮುನ್ನುಡಿಯ ಕೊನೆಯ ಸಾಲಿನಲ್ಲಿ, ಹಸ್ತಪ್ರತಿಯನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಕೊಟ್ಟ ಆಲ್ದೂರಿನ ಹೊಲಿಗೆ ಶಿಕ್ಷಕಿಗೆ ಕೃತಜ್ಞತೆ. ಹೆಸರಿಲ್ಲ. ನಾನು ಒಂದು ಪ್ರತಿಯನ್ನು ಟೀಚರ ಜಗಲಿಯ ಮೇಲೆ, ಅವರು ಶಾಲೆಗೆ ಹೋದ ಹೊತ್ತು ನೋಡಿ, ಇಟ್ಟು ಬಂದೆ.

ಒಂದು ವಾರ ಕಳೆದು ಕರೆದರು. ಹೋದೆ. "ಕೈ ಚಾಚು," ಎಂದರು. ಚಾಚಿದೆ. ಕೈಯಲ್ಲಿಟ್ಟದ್ದು ಆ ಪುಸ್ತಕ, ಚುಚ್ಚಿತು. ರಷ್ಯನ್ ಎಂದು ಇದ್ದ ಕಡೆಯೆಲ್ಲ, ಆಗ ನನಗೆ ಕಂಡ ಮಟ್ಟಿಗೆ ಒಂದೂ ಬಿಡದ ಹಾಗೆ, ಗುಂಡುಪಿನ್ನು ಹಾಕಿದ್ದರು. ಪುಸ್ತಕ ಮುಳ್ಳುಹಂದಿಯ ಹಾಗೆ ಉಬ್ಬಿತ್ತು.

"ಇಷ್ಟು ಕಡೆ," ಎಂದರು.

"ನಾನಲ್ಲ ಟೀಚರ್, ಕಂಪ್ಯೂಟರು..."

"ಹೌದಾ? ನನ್ನ ಕ್ಲಾಸಲ್ಲೂ ಹುಡುಗೀರು ಹೇಳ್ತಾರೆ, ನಾನಲ್ಲ ಟೀಚರ್, ಮೆಷಿನ್ನು ಅಂತ." ಬಾಗಿಲಿಗೆ ಕೈ ಇಟ್ಟು ನಿಂತಿದ್ದರು. "ಹೊಲಿದವ್ರೇ ಬಿಚ್ಚಬೇಕು. ಇದು ನಮ್ಮ ಕ್ಲಾಸಿನ ಕಾನೂನು. ತಗೊಂಡು ಹೋಗು."

ರೆಕಾರ್ಡ್ ಪುಸ್ತಕಗಳನ್ನು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅವರು ನನ್ನೊಡನೆ ಮಾತಾಡಿದ್ದೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ, ತಮ್ಮ ಊರಿಗೆ ಹೋಗದ ಬಸ್ಸನ್ನು ನೋಡುವ ಹಾಗೆ ನೋಡುತ್ತಿದ್ದರು. ಬೈದಿದ್ದರೆ ಒಂದೆರಡು ದಿನ ಅತ್ತು ಮರೆಯುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಪ್ರೊಫೆಸರಿಗೆ ಆ ಪುಸ್ತಕದಿಂದ ಬಹುಮಾನ ಬಂತು, ಪಠ್ಯವಾಯಿತು, ರಷ್ಯನ್ ಸಾಹಿತ್ಯ ಎಂದರೆ ಅವರೇ ಎಂದಾಯಿತು. ಈಚೆಗೆ ಅವರ ತೋಟದ ಕಾಫಿ ಚಂದದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರ ಮೇಲೆ ಎಸ್ಟೇಟಿನ ಹೆಸರು, ಗುಡ್ಡದ ಹೆಸರು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಯಾವ ಇಳಿಜಾರಿನ ಗಿಡ ಎಂಬುದು ಕೂಡ. ಬೇರೆ ತೋಟದ ಒಂದು ಬೀಜ ಸೇರಿದರೂ ಅವರಿಗೆ ಸಿಟ್ಟು ಬರುತ್ತದಂತೆ. ಆ ಪ್ಯಾಕೆಟ್ಟಿನ ಲೇಬಲ್ಲನ್ನು ಛಾಪಿಸುತ್ತಿದ್ದವನು ನಾನೇ. ಮೂಡಿಗೆರೆಗೆ ಬಂದು ನನ್ನದೇ ಪ್ರೆಸ್ಸು ಮಾಡಿಕೊಂಡಿದ್ದೆನಲ್ಲ, ಗಿರಾಕಿ ಬೇಕಲ್ಲ. ಪ್ರತಿ ಲೇಬಲ್ಲೂ ಹೊರಗೆ ಬೀಳುವಾಗ ಅದರ ಮೇಲಿನ ಗುಡ್ಡದ ಹೆಸರನ್ನು ಓದಿಕೊಳ್ಳುತ್ತಿದ್ದೆ, ಎದೆ ಉರಿಯುತ್ತಿತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿದೆ. ವರ್ಷಗಟ್ಟಲೆ ನುಂಗಿದೆ.

ಎಂಟು ವರ್ಷದ ಹಿಂದೆ ಟೀಚರ್ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ಜ್ವರ ಬಂದಿತ್ತು. ಬರುತ್ತದೆ ಎಂದು ಸುದ್ದಿ ಕೇಳಿದ ಕೂಡಲೇ ಗೊತ್ತಾಗಿತ್ತು...

ಸೀಮೆಎಣ್ಣೆ ಮೂಗಿಗೆ ಬಡಿದ ಆ ವಾರವೇ ಪ್ರೊಫೆಸರ ಶಿಷ್ಯರು ಪ್ರೆಸ್ಸಿಗೆ ಬಂದರು. ಗುರುಗಳಿಗೆ ಎಂಬತ್ತು ತುಂಬುತ್ತದೆ, ಆ ಸಮಾರಂಭದಲ್ಲಿ ಅವರ ರಷ್ಯನ್ ಕವಿತೆಗಳ ಹೊಸ ಮುದ್ರಣ ಬಿಡುಗಡೆ ಆಗಬೇಕು ಎಂದರು. ಅಕ್ಷರವೆಲ್ಲ ನಿಮ್ಮ ಹತ್ತಿರವೇ ಇರಬೇಕಲ್ಲ, ಹಾಗೇ ಒತ್ತಿಬಿಡಿ, ಕರಡು ನೋಡುವಷ್ಟು ಗುರುಗಳ ಕಣ್ಣು ಚೆನ್ನಾಗಿಲ್ಲ ಎಂದರು. ಹಳೇ ಪ್ರೆಸ್ಸು ಬಿಡುವಾಗ ಆ ಫೈಲನ್ನು ನಕಲು ಮಾಡಿಕೊಂಡು ಬಂದಿದ್ದೆ; ನಾನು ತಲೆ ಆಡಿಸಿದೆ. ವಯಸ್ಸಾದವರು, ಹೋಗಲಿ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬದಲಿಗೆ ಮೈಯೆಲ್ಲ ಒಂದು ಬಿಸಿ ಹರಿಯಿತು. ಬಿಪಿ ಇರಬಹುದೆಂದು ನೋಡಿಸಿದೆ, ನಾರ್ಮಲ್ ಇತ್ತು. ಅದು ಸಂತೋಷ.

ಹೆಂಡತಿಗೆ ಹೇಳಿದೆ. "ಮಾತ್ರೆ ಎರಡು ತುಂಡು ಮಾಡಿ ನುಂಗೋರು ನೀವು. ನಿಮಗೆ ಸೇಡು ಬೇರೆ ಕೇಡು," ಎಂದಳು. ಒಲೆ ಸಣ್ಣ ಮಾಡಿ ಬಂದು, "ಟೀಚರ್ ನನಗೂ ಗುಂಡಿಗೆ ಕಾಜಾ ಮಾಡೋದು ಕಲಿಸಿದ್ರು. ಮಾಡಿ," ಎಂದಳು.

ಹೊಲಿಯುವಾಗ ಒಂದು ಗುಂಡಿ ಒತ್ತಿದ್ದೆ. ಬಿಚ್ಚುವಾಗ ಅದು ನಡೆಯಲಿಲ್ಲ. ಕವಿತೆಗಳಲ್ಲಿ ನಿಜವಾದ ರಷ್ಯನ್ನರೂ ಅಲ್ಲಲ್ಲಿ ಬರುತ್ತಿದ್ದರು: ಒಬ್ಬ ಅಧಿಕಾರಿ, ಒಬ್ಬ ಪಾದ್ರಿ, ಒಬ್ಬ ಒಳ್ಳೆಯ ವೈದ್ಯ. ಒಂದೇ ಏಟಿಗೆ ಬದಲಾಯಿಸಿದರೆ ಅವರೂ ಚುವಾಶರಾಗಿಬಿಡುತ್ತಿದ್ದರು. ಅದು ಪ್ರೊಫೆಸರ ಕೆಲಸವೇ ಆಗುತ್ತಿತ್ತು. ಹಾಗಾಗಿ ಬೀರುವಿನ ತಳದಿಂದ ಪಿನ್ನಿನ ಪುಸ್ತಕವನ್ನು ತೆಗೆದೆ. ಪಿನ್ನುಗಳೆಲ್ಲ ತುಕ್ಕು ಹಿಡಿದು ಕಾಗದಕ್ಕೆ ಕಂದು ಮಚ್ಚೆ ಬಿಟ್ಟಿದ್ದವು. ಆಗ ಕಂಡಿತು. ಅಧಿಕಾರಿಗೆ ಪಿನ್ನಿಲ್ಲ, ಪಾದ್ರಿಗೆ ಇಲ್ಲ, ವೈದ್ಯನಿಗೆ ಇಲ್ಲ. ನಾನು ತಪ್ಪು ಮಾಡಿದ ಜಾಗಕ್ಕೆ ಮಾತ್ರ ಇದೆ. ಅಷ್ಟು ಸಿಟ್ಟಿನಲ್ಲೂ ಟೀಚರ್ ಒಂದು ಹೊಲಿಗೆ ಆಚೀಚೆ ಮಾಡಿರಲಿಲ್ಲ. ಒಂದು ಪಿನ್ನು ಕೀಳುವುದು, ರೆಕಾರ್ಡ್ ಪುಸ್ತಕದಲ್ಲಿ ನೋಡುವುದು, ಒಂದು ಪದ ತಿದ್ದುವುದು. ಹದಿನೆಂಟು ದಿನ ಹಿಡಿಯಿತು. ಬೆರಳಿಗೆ ಚುಚ್ಚಿದಾಗೆಲ್ಲ ಧನುರ್ವಾಯುವಿನ ಯೋಚನೆ. ನಾಲ್ಕನೇ ದಿನ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ. ಮುನ್ನುಡಿಯನ್ನು ಕಿತ್ತುಹಾಕಿದೆ. ಮುಖಪುಟಕ್ಕೆ ಅವರು ಚೌಕುಳಿಯಲ್ಲಿ ಬರೆದ ಕೆಂಪು ಕಸೂತಿ, ಮೇಲೆ 'ಚುವಾಶ್ ಕವಿತೆಗಳು', ಕೆಳಗೆ ಟೀಚರ ಹೆಸರು.

ನಮ್ಮಲ್ಲಿ ಪುಸ್ತಕ ಬಿಡುಗಡೆ ಹೇಗೆಂದು ಎಲ್ಲರಿಗೂ ಗೊತ್ತು. ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ತಟ್ಟೆಯಲ್ಲಿಟ್ಟು ವೇದಿಕೆಗೆ ತರುತ್ತಾರೆ. ಗಣ್ಯರು ರಿಬ್ಬನ್ ಎಳೆದು, ಕಾಗದ ಕೆಳಗೆ ಬಿಸಾಕಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಮುಖಪುಟ ಸಭೆಗೆ ಕಾಣುವ ಹಾಗೆ ತಿರುಗಿಸಿ ಫೋಟೋಕ್ಕೆ ನಿಲ್ಲುತ್ತಾರೆ. ಹಿಡಿದವರಿಗೆ ಕಾಣುವುದು ಹಿಂಬದಿ. ಸುತ್ತುವವರು ಪ್ರೆಸ್ಸಿನವರು. ಉಳಿದ ಬಂಡಲ್ಲುಗಳಿಗೆ ಸಮಾರಂಭ ಮುಗಿಯುವವರೆಗೆ ಹಗ್ಗ ಬಿಚ್ಚಬೇಡಿ, ಶಾಯಿ ಹಸಿ ಇದೆ ಎಂದಿದ್ದೆ. ಅದೊಂದೇ ನಾನು ಹೇಳಿದ ಸುಳ್ಳು.

ಮೂಡಿಗೆರೆಯ ಆ ಸಭಾಭವನದಲ್ಲಿ ನಾನು ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ. ಪ್ರೊಫೆಸರು ರಿಬ್ಬನ್ ಎಳೆದರು. ಹಿಡಿದರು. ನಕ್ಕರು. ಕ್ಯಾಮೆರಾಗಳು ಮಿಂಚಿದವು. ಪಕ್ಕದ ಗಣ್ಯರು ನಾಲ್ವರೂ ಹಾಗೆಯೇ ಹಿಡಿದು ನಕ್ಕರು. ಸಭೆ ಚಪ್ಪಾಳೆ ತಟ್ಟಿತು. ಮುಖಪುಟ ಓದುವ ಅಭ್ಯಾಸ ನಮ್ಮ ಸಭೆಗಳಿಗೆ ಇಲ್ಲವಲ್ಲ. ಆದರೆ ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು ಪುಸ್ತಕದ ಮೇಲಿದ್ದದ್ದನ್ನು ಇದ್ದ ಹಾಗೆ ಮೈಕಿನಲ್ಲಿ ಓದಿದಳು: "ಇದೀಗ ಲೋಕಾರ್ಪಣೆಗೊಂಡ ಕೃತಿ, ಚುವಾಶ್ ಕವಿತೆಗಳು. ಕನ್ನಡಕ್ಕೆ..." ಮತ್ತೆ ಟೀಚರ ಹೆಸರು. ಇನಿಷಿಯಲ್ ಸಮೇತ. ನಾಲ್ಕು ಸ್ಪೀಕರುಗಳಲ್ಲಿ.

ಪ್ರೊಫೆಸರು ಪುಸ್ತಕವನ್ನು ತಿರುಗಿಸಿದರು. ಕನ್ನಡಕ ಹುಡುಕಿದರು. ಯಾರೋ ಹಾಕಿಕೊಟ್ಟರು. ಆ ಮುಖ ಬಣ್ಣ ಬಿಡುವುದನ್ನು ನಾನು ಪೂರ್ತಿ ನೋಡಿದೆ. ಇಪ್ಪತ್ತೈದು ವರ್ಷ ಕಾದವನು, ಒಂದು ಕ್ಷಣವನ್ನೂ ಬಿಡಲಿಲ್ಲ. ಆದರೂ ಅನುಭವಸ್ಥರು; ಮೈಕ್ ಎಳೆದುಕೊಂಡು, "ಪ್ರೆಸ್ಸಿನವರ ಕಣ್ತಪ್ಪಿನಿಂದ ಏನೋ ಅಚಾತುರ್ಯ ಆಗಿದೆ, ಸಭಿಕರು ಮನ್ನಿಸಬೇಕು," ಎಂದರು.

ನಾನು ಎದ್ದು ನಿಂತೆ. ನನ್ನ ಕಾಲಿಗೆ ಯಾರು ಹೇಳಿದರೋ ಗೊತ್ತಿಲ್ಲ.

"ಕಣ್ತಪ್ಪು ಆಗಿದ್ದು ಮೊದಲ್ನೇ ಮುದ್ರಣದಲ್ಲಿ ಸಾರ್. ಅದು ನನ್ನ ಕೈಯಲ್ಲೇ ಆಗಿದ್ದು, ನಿಮ್ಮ ಬಾಯಿಂದ. ಈಗ ಬಿಚ್ಚಿ ಹೊಲಿದಿದೀನಿ. ಟೀಚರ್ ಬರೆದಿದ್ದು ನನ್ನ ಹತ್ರ ಇದೆ, ಯಾರು ಬೇಕಾದ್ರೂ ಬಂದು ನೋಡಬಹುದು."

ದನಿ ಕೀರಲಾಗಿತ್ತಂತೆ. ಹೆಂಡತಿ ಆಮೇಲೆ ಹೇಳಿದಳು. ಹಿಂದಿನ ಸಾಲಿನಲ್ಲಿ ಆಲ್ದೂರಿನ ಒಬ್ಬರು ಹೆಂಗಸು ಎದ್ದು, "ಅವರು ನಮ್ಮ ಟೀಚರು!" ಎಂದು ಕೂಗಿದರು. ಪ್ರೊಫೆಸರು ಕೂತರು. ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಕವುಚಿ ಇಟ್ಟುಕೊಂಡರು. ಅವರ ಮೇಲೆ ನನಗೆ ಕನಿಕರ ಬಂತೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ. ಸುಳ್ಳು ಯಾಕೆ ಹೇಳಲಿ.

ಬಂಡಲ್ಲುಗಳೆಲ್ಲ ಮರುದಿನವೇ ವಾಪಸ್ ಬಂದು ಪ್ರೆಸ್ಸಿನ ಮುಂದೆ ಬಿದ್ದವು. ಲೇಬಲ್ ಕೆಲಸ ಬೇರೆಯವರಿಗೆ ಹೋಯಿತು. ವಕೀಲರ ನೋಟಿಸೂ ಬಂತು. ರೆಕಾರ್ಡ್ ಪುಸ್ತಕದ ಜೆರಾಕ್ಸನ್ನು ಉತ್ತರವಾಗಿ ಕಳಿಸಿದ ಮೇಲೆ ಅತ್ತ ಕಡೆಯಿಂದ ಸದ್ದಿಲ್ಲ. ಪೋಸ್ಟ್‌ಮ್ಯಾನ್ ಕಂಡರೆ ಈಗಲೂ ಒಳಗೆ ಹೋಗಿ ನಿಲ್ಲುತ್ತೇನೆ. ರಜೆಯ ದಿನಗಳಲ್ಲಿ ಚೀಲಕ್ಕೆ ಹೊಸ ಪುಸ್ತಕ ತುಂಬಿಕೊಂಡು ಬಸ್ಸು ಹತ್ತುತ್ತೇನೆ. ವಸ್ತಾರೆ, ಕಳಸ, ಎಲ್ಲಿ ಗ್ರಂಥಾಲಯವಿದೆಯೋ ಅಲ್ಲಿ ಒಂದು ಪ್ರತಿ ಕೊಟ್ಟು, ಹಳೆಯದು ಇದ್ದರೆ ಕಪಾಟಿಂದ ತೆಗೆಸುವುದು.

ಆಲ್ದೂರಿಗೆ ಹೋಗಲು ಮಾತ್ರ ಮನಸ್ಸು ಬಂದಿರಲಿಲ್ಲ. ಹೋದ ತಿಂಗಳು ಹೋದೆ. ಅಲ್ಲಿನ ಗ್ರಂಥಾಲಯದಲ್ಲಿ ಇನ್ನೇನು ನಿವೃತ್ತಿಯಾಗಲಿರುವ ಒಬ್ಬ ಹೆಂಗಸು ಇದ್ದಾರೆ. ಹಳೆಯ ಪ್ರತಿಯನ್ನು ಹುಡುಕಿ ತಂದುಕೊಟ್ಟರು. ಅಭ್ಯಾಸಬಲದಿಂದ ಹಿಂದಿನ ರಟ್ಟು ತೆರೆದೆ. ಎರವಲು ಕಾರ್ಡಿನಲ್ಲಿ ಮೇಲಿಂದ ಕೆಳಗೆ ಒಂದೇ ಸಹಿ. ದುಂಡಗಿನ ಅಕ್ಷರ. ಹದಿನೈದು ದಿನಕ್ಕೊಮ್ಮೆ. ಕಾರ್ಡು ತುಂಬಿ ಇನ್ನೊಂದನ್ನು ಪಿನ್ನು ಮಾಡಿದ್ದರು, ಅದೂ ತುಂಬಿ ಮತ್ತೊಂದು... ವರ್ಷ ವರ್ಷವೂ ಅದೇ ಸಹಿ.

"ಆ ಟೀಚರಾ?" ಎಂದರು ಅವರು. "ತಂದು ಟೇಬಲ್ ಮೇಲೆ ಇಡೋರು, ಸಹಿ ಹಾಕೋರು, ವಾಪಸ್ ತಗೊಂಡು ಹೋಗೋರು. ಒಂದಿನ ಕೇಳ್ದೆ, ಎಷ್ಟು ಸಲ ಓದ್ತೀರಿ ಟೀಚರ್ ಅಂತ. ಓದ್ಲಿಕ್ಕಲ್ಲ ಮಾರಾಯ್ತಿ, ಈ ಊರಿನ ಮಕ್ಕಳು ಯಾರೂ ಇದನ್ನ ಓದಬಾರ್ದು ಅಂತ, ಅಂದ್ರು."

ನಾನು ಬಿಚ್ಚಲಿ ಎಂದು ಅವರು ಕಾದಿರಲಿಲ್ಲ. ಕೈಗೆ ಎಟುಕುವ ಒಂದೇ ಒಂದು ಪ್ರತಿಯನ್ನು, ಬದುಕಿರುವಷ್ಟು ದಿನ, ಯಾರ ಕೈಗೂ ಸಿಗದ ಹಾಗೆ ಹಿಡಿದುಕೊಂಡಿದ್ದರು. ನಾನು ಮೊದಲು ಎದುರು ಮನೆಯಲ್ಲಿ, ಆಮೇಲೆ ಮೂಡಿಗೆರೆಯಲ್ಲಿ, ಅಷ್ಟು ವರ್ಷ ಕೂತು ನನ್ನ ಬಿಪಿ ನೋಡಿಸಿಕೊಳ್ಳುತ್ತಿದ್ದೆ. ಹೊಸ ಪುಸ್ತಕವನ್ನು ಅವರ ಕೈಗಿಟ್ಟು, ಸರಿಯಾಗಿದೆಯೋ ಎಂದು ಕೇಳಲು ಇನ್ನು ಆಗುವುದಿಲ್ಲ. ಕೊನೆಯ ಸಹಿಯ ಕೆಳಗೆ ಕಾರ್ಡು ಖಾಲಿ ಇತ್ತು. ಅವರು ಹೋದ ಮೇಲೆ ಯಾರೋ ತಂದೊಪ್ಪಿಸಿದ್ದ ಆ ಪುಸ್ತಕವನ್ನು ಎಂಟು ವರ್ಷದಿಂದ ಯಾರೂ ಒಯ್ದಿರಲಿಲ್ಲ.

ಹೊಸದನ್ನು ಕಪಾಟಿಗೆ ಕೊಟ್ಟು, ಹಳೆಯದರ ಕಾರ್ಡಿನಲ್ಲಿ ಟೀಚರ ಸಹಿಯ ಕೆಳಗೆ ನನ್ನ ಸಹಿ ಹಾಕಿ ತಂದೆ. ವಾಯಿದೆ ಮುಗಿದು ಎರಡು ವಾರವಾಯಿತು. ನಿನ್ನೆ ಗ್ರಂಥಾಲಯದಿಂದ ಫೋನ್ ಬಂತು. ಎತ್ತಲಿಲ್ಲ. ಪುಸ್ತಕ ಕೊಡುವುದಿಲ್ಲ.